ಹೊತ್ತಲ್ಲದ ಹೊತ್ತಿನಲ್ಲಿ ಮಡಿಲಕ್ಕಿ

ನನಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದೆ ಎಂಬುದು ಅರಕಲಗೂಡು ಕಡೆಯ ನನ್ನ ತವರಿಗೆ ಗೊತ್ತಿತ್ತು. ಚನ್ನರಾಯಪಟ್ಟಣದಲ್ಲಿರುವ ಮಗಳಿಗೆ ಗೊತ್ತಿತ್ತು, ಅವಳ ಅತ್ತೆಗೂ ಗೊತ್ತಿತ್ತು. ಹೊಳೆನರಸೀಪುರದಲ್ಲಿ ನನ್ನ ಗಂಡ ನಡೆಸುವ ಗೊಬ್ಬರದ ಅಂಗಡಿಗೆ ಬಂದು ಹೋಗುವವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಕಾಯಿಲೆ ನನ್ನ ಎದೆಯೊಳಗೆ, ಅದರ ಸುದ್ದಿ ಮೂರು ತಾಲ್ಲೂಕಿನಲ್ಲಿ. ಈಗ ನೆನೆದರೂ ಮೈ ಉರಿಯುತ್ತದೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಎರಡು ಶ್ವಾಸಕೋಶ ಬರೆದು, ಗುಲಾಬಿ ಸೀಮೆಸುಣ್ಣದಲ್ಲಿ ಬಣ್ಣ ತುಂಬಿ, ಪಕ್ಕದಲ್ಲಿ ಗೆರೆ ಎಳೆದು ಭಾಗಗಳ ಹೆಸರು ಬರೆಯುತ್ತಿದ್ದೆ. ಬೀಡಿ ಸಿಗರೇಟು ಸೇದಿದರೆ ಇವು ಕೆಡುತ್ತವೆ ಎಂದು ಮಕ್ಕಳಿಂದ ಒಟ್ಟಾಗಿ ಹೇಳಿಸುತ್ತಿದ್ದೆ. ಸೇದದವರದ್ದೂ ಕೆಡಬಹುದು ಎಂದು ಪುಸ್ತಕದಲ್ಲಿ ಇರಲಿಲ್ಲ. ನನ್ನ ಗಂಡ ಮದುವೆಗೆ ಮುಂಚಿನಿಂದಲೂ ಬೀಡಿ ಸೇದುತ್ತಾರೆ. ಅವರ ಎದೆ ಕಲ್ಲಿನ ಹಾಗಿದೆ, ಇವತ್ತಿಗೂ ಗೊಬ್ಬರದ ಮೂಟೆಯನ್ನು ಒಬ್ಬರೇ ಎತ್ತಿ ಲಗೇಜ್ ಆಟೋಗೆ ಹಾಕುತ್ತಾರೆ. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಹುಡುಕುತ್ತಾ ನಾನು ಎಷ್ಟೋ ಮಧ್ಯಾಹ್ನಗಳನ್ನು ಹಾಳು ಮಾಡಿಕೊಂಡಿದ್ದೇನೆ.

ಕೆಮ್ಮು ಶುರುವಾದದ್ದು ನಿವೃತ್ತಿಯ ಮರುವರ್ಷ. ಒಣಕೆಮ್ಮು, ಬಂದರೆ ಬಿಡುತ್ತಿರಲಿಲ್ಲ. ಮೊದಲು ಶುಂಠಿ, ಮೆಣಸು ಹಾಕಿದ ಕಷಾಯ. ಆಮೇಲೆ ಮೆಡಿಕಲ್ ಸ್ಟೋರಿನವನು ಕೊಟ್ಟ ಸಿರಪ್ಪು. ಫೋನಿನಲ್ಲಿ ಒಂದು ವಾಕ್ಯ ಪೂರ್ತಿ ಮಾಡಲಾಗದೆ ಮಗಳು ಗದರಿದ ಮೇಲೆ ಊರಿನ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬಿಳೀ ಮಬ್ಬು ಕಂಡಿತು. ನಮ್ಮ ಕಡೆ ಎದೆಯ ಎಕ್ಸ್‌ರೇಯಲ್ಲಿ ಮಬ್ಬು ಕಂಡರೆ ಎಲ್ಲರಿಗೂ ಮೊದಲು ಹೊಳೆಯುವುದು ಟಿಬಿ. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಊಟ ಸೇರದಾಯಿತು, ಕೆಮ್ಮು ಮಾತ್ರ ಜಗ್ಗಲಿಲ್ಲ. ತಿಂಗಳುಗಟ್ಟಲೆ ಬೇರೆ ಯಾವುದೋ ಕಾಯಿಲೆಯ ಔಷಧಿ ನುಂಗಿದೆ ಎಂಬುದು ತಿಳಿಯುವ ಹೊತ್ತಿಗೆ ಬಟ್ಟೆ ಒಣಹಾಕಲು ಮಹಡಿ ಹತ್ತಿದರೂ ಉಸಿರು ಕಟ್ಟುತ್ತಿತ್ತು. ಆಗ ಹಾಸನಕ್ಕೆ ಹೋದೆವು.

ಟಿಬಿ ಎಂದಾಗ ಊರಿನ ಡಾಕ್ಟರು ನನಗೇ ನೇರವಾಗಿ ಹೇಳಿದ್ದರು, ಅದೂ ಸ್ವಲ್ಪ ಗದರುವ ದನಿಯಲ್ಲಿ. ಮಾತ್ರೆ ತಪ್ಪಿಸಬಾರದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು ಎಂದು. ನನ್ನ ಮೇಲೆ ಒಂದಿಷ್ಟು ಜವಾಬ್ದಾರಿ ಹೊರಿಸಿದ್ದರು. ದೊಡ್ಡ ಕಾಯಿಲೆಯ ವಿಷಯದಲ್ಲಿ ಆ ಮರ್ಯಾದೆಯೂ ಸಿಗುವುದಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಹಾಸನದ ಆಸ್ಪತ್ರೆಯಲ್ಲಿ ಮೊದಲು ಶ್ವಾಸಕೋಶದ ಸುತ್ತ ತುಂಬಿಕೊಂಡಿದ್ದ ನೀರು ತೆಗೆದರು. ನನ್ನನ್ನು ಮಂಚದ ಅಂಚಿನಲ್ಲಿ ಕೂರಿಸಿ, ಮುಂದಿದ್ದ ಮೇಜಿನ ಮೇಲೆ ದಿಂಬಿಟ್ಟು ಬಾಗಿಸಿ, ಬೆನ್ನಿನ ಕಡೆಯಿಂದ ಸೂಜಿ ಹಾಕಿದರು. ಬಾಟಲಿಗೆ ಇಳಿದದ್ದು ಬೆಲ್ಲದ ಪಾನಕದ ಬಣ್ಣದ ನೀರು, ಸ್ವಲ್ಪ ಕೆಂಪು ಬೆರೆತಿತ್ತು. ಆಮೇಲೆ ಸ್ಕ್ಯಾನಿಂಗ್. ಅದಾದ ಮೇಲೆ ಸ್ಕ್ಯಾನಿಂಗ್ ಮಿಷನ್ನಿನಲ್ಲೇ ಮಲಗಿಸಿ, ಉಸಿರು ಹಿಡಿಯಿರಿ ಬಿಡಿ ಎನ್ನುತ್ತಾ, ಉದ್ದನೆಯ ಸೂಜಿಯಲ್ಲಿ ಒಳಗಿನ ಮಾಂಸದ ಚೂರು ತೆಗೆದರು. ಎಲ್ಲವೂ ನನಗೆ ಎಚ್ಚರವಿದ್ದಾಗಲೇ ನಡೆಯಿತು. ಇಷ್ಟೆಲ್ಲಾ ಯಾಕೆ ಎಂದು ಕೇಳಿದ್ದಕ್ಕೆ ಎಲ್ಲರೂ ಒಂದೇ ಮಾತು ಹೇಳಿದರು, ಸುಮ್ಮನೆ ಒಂದು ಟೆಸ್ಟು ಅಂತ.

ರಿಪೋರ್ಟು ಬರುವ ದಿನ ನನ್ನ ಗಂಡನ ಜೊತೆ ನನ್ನ ಅಣ್ಣನೂ ಬಂದಿದ್ದ. ಅಣ್ಣ ಅರಕಲಗೂಡಿನ ಹತ್ತಿರ ಹೊಗೆಸೊಪ್ಪು ಬೆಳೆಯುವವನು. ಮನೆಯ ಯಾವ ದೊಡ್ಡ ವಿಚಾರಕ್ಕೂ ಅವನಿಲ್ಲದೆ ನನ್ನ ಗಂಡ ಹೆಜ್ಜೆ ಇಡುವುದಿಲ್ಲ. ನನ್ನ ಹೆಸರು ಕೂಗಿದಾಗ ಮೂವರೂ ಎದ್ದೆವು. ಬಾಗಿಲಲ್ಲಿ ಅಣ್ಣ ನನ್ನ ಭುಜ ಹಿಡಿದು, ಒಳಗೆ ತುಂಬಾ ಜನ ಆಗುತ್ತೆ, ನೀನು ಕೂತಿರು ಎಂದು ಬೆಂಚಿನ ಮೇಲೆ ಕೂರಿಸಿದ. ಕೈಗೆ ಒಂದು ಟೀ ಬೇರೆ ತಂದುಕೊಟ್ಟ. ಕೂಗಿದ್ದು ನನ್ನ ಹೆಸರು, ಒಳಗೆ ಹೋದವರು ಅವರು. ನಾನು ಆಚೆ ಕೂತು ಟೀ ಕುಡಿದೆ. ಅವರು ಹೊರಗೆ ಬರುವಷ್ಟರಲ್ಲಿ ಆ ಬೆಂಚಿನಲ್ಲಿ ನನ್ನ ಪಕ್ಕ ಎಷ್ಟೋ ಜನ ಕೂತು ಎದ್ದು ಹೋಗಿದ್ದರು.

ನನ್ನ ಗಂಡ ನನ್ನ ಮುಖ ನೋಡದೆ ನೇರವಾಗಿ ನೀರಿನ ನಲ್ಲಿಯ ಕಡೆ ಹೋದರು. ಅಣ್ಣ ಬಾಯ್ತುಂಬ ನಗುತ್ತಿದ್ದ. "ಏನೂ ಇಲ್ಲ ಕಣವ್ವ. ಕಫ ಕಟ್ಕಂಡು ನೀರಾಗಿತ್ತಂತೆ. ತೆಗುದ್ಬುಟ್ರಲ್ಲ, ಇನ್ನು ಸರಿ ಓಯ್ತದೆ," ಅಂದ. ನಾನು ನಂಬಿದೆ. ನೀರು ತೆಗೆದ ಮೇಲೆ ಉಸಿರಾಟ ನಿಜವಾಗಿಯೂ ಹಗುರವಾಗಿತ್ತು. ದಾರಿಯಲ್ಲಿ ಕಾರು ನಿಲ್ಲಿಸಿ ನನಗೆ ಮಸಾಲೆದೋಸೆ ಕೊಡಿಸಿದರು. ನಾನೊಬ್ಬಳೇ ತಿಂದೆ, ಅವರಿಬ್ಬರೂ ಹಸಿವಿಲ್ಲ ಎಂದರು.

ಮನೆಗೆ ಬಂದ ಮೇಲೆ ನನ್ನ ಗಂಡ ಬೇರೆಯೇ ಮನುಷ್ಯರಾದರು. ಮದುವೆಯಾದಾಗಿನಿಂದ ಒಂದು ಲೋಟ ತೊಳೆದವರಲ್ಲ. ಈಗ ಬೆಳಿಗ್ಗೆ ಎದ್ದು ನೀರು ಕಾಯಿಸಿಕೊಡುತ್ತಿದ್ದರು, ಮುದ್ದೆ ತಿರುವಲು ಕೋಲು ಹಿಡಿಯುತ್ತಿದ್ದರು. ಗಂಟುಗಂಟಾದ ಆ ಮುದ್ದೆಯನ್ನು ನಾನು ಹೊಗಳಿಕೊಂಡು ನುಂಗುತ್ತಿದ್ದೆ. ನಾನು ಸಿಡುಕಿದರೆ ತಿರುಗಿ ಸಿಡುಕುತ್ತಿರಲಿಲ್ಲ. ಬೀಡಿ ಸೇದಲು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಕೊನೆಗಾಲದಲ್ಲಾದರೂ ಈ ಮನುಷ್ಯನಿಗೆ ಬುದ್ಧಿ ಬಂತು ಎಂದು ನಾನು ಮಗಳ ಹತ್ತಿರ ತಮಾಷೆ ಮಾಡಿದರೆ ಅವಳು ಫೋನ್ ಇಟ್ಟುಬಿಟ್ಟಳು. ಸಿಗ್ನಲ್ ಹೋಯಿತು ಎಂದುಕೊಂಡೆ.

ಮಗಳು ಭಾನುವಾರ ತಪ್ಪದೆ ಚನ್ನರಾಯಪಟ್ಟಣದಿಂದ ಬರತೊಡಗಿದಳು. ಮೊದಲೆಲ್ಲಾ ಹಬ್ಬಕ್ಕೆ ಕರೆದರೂ ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು ಎಂದು ಸಬೂಬು ಹೇಳುತ್ತಿದ್ದವಳು. ಬಂದವಳು ನನ್ನ ತಲೆ ಬಾಚುತ್ತಿದ್ದಳು. ಕಜ್ಜಾಯದ ಪಾಕ ಯಾವ ಹದಕ್ಕೆ ಬರಬೇಕು ಎಂದು ಕೇಳುತ್ತಿದ್ದಳು. ನಾನು ಹೇಳುವಾಗ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನನ್ನನ್ನೇ ಚಿತ್ರ ಹಿಡಿಯುತ್ತಿದ್ದಳು. ಪಾಕದ ಚಿತ್ರ ಹಿಡಿಯೇ, ನನ್ನ ಮುಖದಲ್ಲಿ ಏನಿದೆ ಎಂದು ನಾನು ರೇಗಿದೆ. "ನೀನು ಮಾತಾಡ್ತಿರಮ್ಮ," ಎಂದಳು, ಅಷ್ಟೇ.

ನೋಡಲು ಬರುವವರು ಶುರುವಾದರು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಮೂಸಂಬಿ, ಬ್ರೆಡ್ಡು, ಎಳನೀರು ಸಾಮಾನ್ಯ. ಆದರೆ ನನಗೆ ಬರುತ್ತಿದ್ದದ್ದು ಬೇರೆ. ಒಬ್ಬರು ಹಿತುಕಿದ ಅವರೆಬೇಳೆ ಸಾರು, ಇನ್ನೊಬ್ಬರು ನಾಟಿಕೋಳಿ ಸಾರು, ಮತ್ತೊಬ್ಬರು ಕಾಯಿ ಒಬ್ಬಟ್ಟು. ಒಂದೊಂದೂ ನನಗೆ ಇಷ್ಟವಾದದ್ದೇ, ಯಾರೋ ಹೇಳಿಕೊಟ್ಟು ಕಳಿಸಿದಂತೆ. ಬಂದವರು ತಿನ್ನು ತಿನ್ನು ಎಂದು ಎದುರಿಗೆ ಕೂರುತ್ತಿದ್ದರು. ನಾನು ತಿನ್ನುವುದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನೋಡುತ್ತಿದ್ದರು. ಹೋಗುವಾಗ ಕೈ ಹಿಡಿದರೆ ಬಿಡುತ್ತಿರಲಿಲ್ಲ. ನೀರು ತುಂಬಿದ್ದಕ್ಕೆ ಇಷ್ಟೊಂದು ಪ್ರೀತಿಯೇ ಎಂದು ನನಗೆ ಆಶ್ಚರ್ಯವಾಯಿತು, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಕೆಮ್ಮು ತಿರುಗಿ ಬಂದಿತ್ತು. ಆಸ್ಪತ್ರೆಗೆ ಹೋಗೋಣ ಎಂದರೆ ಗಂಡ ಮುಂದಿನ ವಾರ, ಮುಂದಿನ ವಾರ ಎನ್ನುತ್ತಿದ್ದರು.

ಆಮೇಲೆ ಒಂದು ದಿನ ಅಣ್ಣ, ಅತ್ತಿಗೆ ಬಂದರು. ಹಬ್ಬವಿರಲಿಲ್ಲ, ಹುಣ್ಣಿಮೆಯಿರಲಿಲ್ಲ, ವಾರದ ಮಧ್ಯೆ ಬೆಳಿಗ್ಗೆ. ಅತ್ತಿಗೆ ದೇವರ ಮುಂದೆ ದೀಪ ಹಚ್ಚಿ, ಮಣೆ ಹಾಕಿ, ಪೂರ್ವಕ್ಕೆ ಮುಖ ಮಾಡಿ ಕೂತ್ಕೋ ಎಂದರು. ಚೀಲದಿಂದ ಒಂದೊಂದಾಗಿ ಹೊರಗೆ ಬಂತು. ರೇಷ್ಮೆ ಅಂಚಿನ ಸೀರೆ, ಕುಪ್ಪಸದ ಬಟ್ಟೆ, ಹಸಿರು ಬಳೆ, ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ. ನನ್ನ ಸೆರಗು ಹಿಡಿದು ಮಡಿಲು ತುಂಬತೊಡಗಿದರು.

ತವರಿನವರು ಹೆಣ್ಣುಮಗಳಿಗೆ ಮಡಿಲಕ್ಕಿ ಕೊಡುವುದು ತವರಿನಲ್ಲಿ. ಹೋದವಳು ತಿರುಗಿ ಹೊರಡುವಾಗ ಹೊಸಿಲೊಳಗೆ ಕೂರಿಸಿ ತುಂಬಿ ಕಳಿಸುತ್ತಾರೆ. ತವರಿನವರೇ ಅದನ್ನು ಹೊತ್ತುಕೊಂಡು ಅವಳ ಗಂಡನ ಮನೆಗೆ ಬರುವುದು ಎರಡೇ ಸಂದರ್ಭದಲ್ಲಿ. ಹೆಣ್ಣು ಬಸುರಿಯಾಗಿದ್ದಾಗ ಒಂದು ಸಲ. ಮುತ್ತೈದೆಯಾಗಿ ಸತ್ತಾಗ, ಹೆಣದ ಮಡಿಲಿಗೆ ಕಟ್ಟಲು, ಇನ್ನೊಂದು ಸಲ. ಮಣೆಯ ಮೇಲೆ ಕೂತಿದ್ದ ನನಗೆ ಇದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರವತ್ತು ದಾಟಿದ ನಾನು ಬಸುರಿಯಲ್ಲ.

"ಅತ್ಗೆ, ಯಾಕೆ ಮಡ್ಲು ತುಂಬ್ತಿದೀಯ?" ಎಂದು ಕೇಳಿದೆ.

ಅತ್ತಿಗೆ ಅಕ್ಕಿಯ ಪಾತ್ರೆಯನ್ನು ಕೆಳಗಿಟ್ಟು ಅಳತೊಡಗಿದರು. "ಗೌರಿ ಅಬ್ಬದ ಗಂಟ ಇರ್ತೀಯೋ ಇಲ್ವೋ ಅಂದ್ಬುಟ್ರು ಕಣವ್ವ. ಉಸಿರಿರೋವಾಗ್ಲೇ ಮಡ್ಲು ತುಂಬುಸ್ಕಳ್ಳಿ ಅಂತ ತಂದೆ. ಎಣಕ್ಕೆ ಕಟ್ಟಿ ಏನ್ ಬಂತು," ಎಂದರು. ಯಾವ ಕಾಯಿಲೆ ಎಂದು ಕೇಳಿದೆ. ಅದೇ ಎಂದರು. ಹೆಸರು ಹೇಳು ಎಂದು ಒತ್ತಾಯ ಮಾಡಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಹೇಳಿದರು. ಆ ಪದ ನನ್ನ ಮುಂದೆ ಮೊದಲು ಆಡಿದವರು, ಅಕ್ಷರ ಕಲಿಯದ ನನ್ನ ಅತ್ತಿಗೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಅಣ್ಣ ಅಂಗಳದಿಂದ ಒಳಗೆ ಬಂದ. ಸಿಕ್ಕಿಬಿದ್ದ ಮೇಲೆ ಎಲ್ಲವನ್ನೂ ಹೇಳಿದ, ಹೇಳುವಾಗ ತಾನೇ ಸರಿ ಎನ್ನುವ ಹಾಗೆ ಹೇಳಿದ. ಅವತ್ತು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಇವಳಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾಳೆ ಎಂದು ಡಾಕ್ಟರಿಗೆ ಕೈ ಮುಗಿದಿದ್ದನಂತೆ. ಡಾಕ್ಟರು ಕೀಮೋ ಅಂದರಂತೆ, ಇನ್ನೂ ಏನೋ ಪರೀಕ್ಷೆ ಅಂದರಂತೆ. ಸೂಜಿ ಚುಚ್ಚಿದ ಮೇಲೇ ಅದು ಕೆರಳಿದ್ದು, ಇನ್ನೊಂದು ಪರೀಕ್ಷೆ ಅಂತ ಮತ್ತೆ ಕೆಣಕಿದರೆ ಬೇಗ ಹೋಗುತ್ತಾಳೆ ಎಂದು ಅವನಿಗೆ ಅನ್ನಿಸಿತಂತೆ. ಅಂಗಡಿಯ ಗಿರಾಕಿಯೊಬ್ಬರು ಕೀಮೋ ತೆಗೆದುಕೊಂಡು, ಕೂದಲು ಉದುರಿ, ವಾಂತಿ ಮಾಡಿಕೊಂಡೇ ತೀರಿಕೊಂಡದ್ದನ್ನು ನನ್ನ ಗಂಡ ನೋಡಿದ್ದರು. ಅದಕ್ಕೇ ಇಬ್ಬರೂ ಮಾತಾಡಿಕೊಂಡು ಯಾವುದೂ ಬೇಡ, ಮನೆಯಲ್ಲಿ ನೆಮ್ಮದಿಯಾಗಿರಲಿ ಎಂದು ತೀರ್ಮಾನ ಮಾಡಿದರು.

"ನಾವೇ ಬ್ಯಾಡ ಅಂದ್ಬುಟ್ಟೋ ಕಣವ್ವ. ನಿನ್ ಒಳ್ಳೇದಕ್ಕೆ," ಎಂದ ಅಣ್ಣ.

ನಾನು ಕೂಗಾಡಲಿಲ್ಲ. ಕೂಗಾಡಲು ಉಸಿರಿರಲಿಲ್ಲ. ಅತ್ತಿಗೆಗೆ ಕಣ್ಣೊರೆಸಿಕೊಂಡು ಶಾಸ್ತ್ರ ಮುಗಿಸು ಎಂದೆ. ಮಡಿಲು ತುಂಬಿಸಿಕೊಂಡು ಎದ್ದು ನೇರವಾಗಿ ಅಡುಗೆಮನೆಗೆ ಹೋಗಿ, ಆ ಅಕ್ಕಿಯಲ್ಲೇ ಅನ್ನ ಮಾಡಿದೆ, ಆ ಬೆಲ್ಲ ಆ ಕಾಯಿಯಲ್ಲೇ ಪಾಯಸ ಮಾಡಿದೆ. ಮಧ್ಯೆ ಮಧ್ಯೆ ಸ್ಟೂಲಿನ ಮೇಲೆ ಕೂತು ಕೆಮ್ಮಿದೆ. ಅತ್ತಿಗೆ ಸೌಟು ಕೇಳಿದರೂ ಕೊಡಲಿಲ್ಲ. ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಎಲೆ ಹಾಕಿ ಮೂವರಿಗೂ ಬಡಿಸಿದೆ. ಇದು ನನ್ನ ಮಡಿಲಕ್ಕಿ, ಚೆನ್ನಾಗಿದೆಯಾ ನೋಡಿ ಎಂದೆ. ನನ್ನ ಗಂಡ ಅತ್ತಿಗೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ಎಲೆಯ ಮುಂದೆ ಕೈ ಮಡಚಿಕೊಂಡು ಕೂತರು. ಅಣ್ಣ, ಅತ್ತಿಗೆಯೂ ಎಲೆ ಮುಟ್ಟಲಿಲ್ಲ. ನಾನು ಎರಡು ಸಲ ಬಡಿಸಿಕೊಂಡು ತಿಂದೆ.

ಮರುದಿನ ಗಂಡ ಅಂಗಡಿಗೆ ಹೋದ ಮೇಲೆ ಸೀರೆ ಬದಲಾಯಿಸಿ ಹಾಸನದ ಬಸ್ಸು ಹತ್ತಿದೆ. ಬಸ್ಸು ನಿಲ್ದಾಣದಿಂದ ಆಸ್ಪತ್ರೆಗೆ ಆಟೋ ಮಾಡಿಕೊಂಡೆ. ಡಾಕ್ಟರು ನನ್ನನ್ನು ಗುರುತು ಹಿಡಿದು, ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು. ಮನೆಯವರು ಯಾರಾದರೂ ಬಂದಿದ್ದಾರಾ ಎಂದು ಕೇಳಿದರು. "ಎರಡೂ ಶ್ವಾಸಕೋಶ ಬಂದಿವೆ ಸರ್, ಸಾಕಲ್ವಾ," ಎಂದೆ. ಅವರು ನಗಲಿಲ್ಲ. ಕುರ್ಚಿ ತೋರಿಸಿ, ಏನೇನು ಗೊತ್ತಾಗಿದೆ ಎಂದು ಮೆತ್ತಗೆ ಕೇಳಿದರು.

ನನಗೆ ಬಂದಿರುವುದು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸೇದದವರಲ್ಲೂ, ಹೆಂಗಸರಲ್ಲೂ ಕಾಣಿಸಿಕೊಳ್ಳುವ ಬಗೆ ಎಂದು ವಿವರಿಸಿದರು. ಬಲಗಡೆಯದರಲ್ಲಿ ಗಡ್ಡೆ ಇದೆ. ತೆಗೆದ ನೀರಿನಲ್ಲಿಯೂ ಆ ಕಾಯಿಲೆಯ ಕಣಗಳಿದ್ದವು, ಅಂದರೆ ಶ್ವಾಸಕೋಶದ ಹೊರಪೊರೆಗೂ ಹರಡಿದೆ. ಒಂದೇ ಕಡೆ ನಿಂತಿದ್ದರೆ ಆಪರೇಷನ್ ಮಾಡಿ ತೆಗೆಯಬಹುದಿತ್ತು, ಈಗ ಅದರಿಂದ ಉಪಯೋಗವಿಲ್ಲ. ಪೂರ್ತಿ ವಾಸಿ ಮಾಡುತ್ತೇವೆ ಎಂದು ಹೇಳಲಾರೆ, ಆದರೆ ಹಿಡಿದಿಡಲು ದಾರಿಗಳಿವೆ ಎಂದರು. ಮೊದಲು ಮಾಡಬೇಕಾದದ್ದು, ತೆಗೆದಿಟ್ಟಿರುವ ಆ ಮಾಂಸದ ಚೂರಿನಲ್ಲಿ ಜೀನ್ ಪರೀಕ್ಷೆ. ಕಾಯಿಲೆಯ ಕಣಗಳಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಇದ್ದರೆ ಕೀಮೋ ಬದಲು ದಿನಕ್ಕೊಂದು ಮಾತ್ರೆಯಲ್ಲೇ ಶುರು ಮಾಡಬಹುದು. ಇಲ್ಲದಿದ್ದರೆ ನರದ ಮೂಲಕ ಕೀಮೋ, ಅದರ ಜೊತೆಗೆ ಬೇರೆ ಔಷಧಿಗಳೂ ಇವೆ.

ಆ ಪರೀಕ್ಷೆಗೆ ಮತ್ತೆ ಸೂಜಿ ಹಾಕಬೇಕಾ ಎಂದು ಕೇಳಿದೆ. ಬೇಡ, ಚೂರು ಲ್ಯಾಬಿನಲ್ಲೇ ಇದೆ, ಅವತ್ತೇ ಕಳಿಸುತ್ತಿದ್ದೆ, ನಿಮ್ಮ ಮನೆಯವರು ಬೇಡ ಅಂದರು ಎಂದರು. ಸೂಜಿ ಚುಚ್ಚಿದ್ದರಿಂದ ಹರಡಿತಾ ಎಂದೂ ಕೇಳಿದೆ. ನೀರು ತುಂಬಿಕೊಂಡು ಬಂದಾಗಲೇ ಹರಡಿತ್ತು, ಸೂಜಿ ಅದನ್ನು ಪತ್ತೆ ಮಾಡಿತು ಅಷ್ಟೇ ಎಂದರು. ಯಾಕೆ ಬಂತು ಎಂದು ಕೇಳಿದೆ. ಹುಡುಗಿಯಾಗಿದ್ದಾಗ ತವರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟುತ್ತಿದ್ದದ್ದು, ಮದುವೆಯಾದ ಮೇಲೆ ಗ್ಯಾಸ್ ಬರುವ ತನಕ ಸೌದೆ ಒಲೆ ಊದಿದ್ದು, ಗಂಡನ ಬೀಡಿ, ಎಲ್ಲವನ್ನೂ ಹೇಳಿದೆ. ಇವೆಲ್ಲ ಕಾರಣವಾಗಿರಬಹುದು, ಯಾವುದೂ ಆಗಿಲ್ಲದೆಯೂ ಇರಬಹುದು, ಬೆರಳು ಮಾಡಿ ತೋರಿಸಲಾಗುವುದಿಲ್ಲ ಎಂದರು. ನನಗೆ ಬೆರಳು ಮಾಡಿ ತೋರಿಸುವ ಆಸೆ ತುಂಬಾ ಇತ್ತು.

ಹೊರಡುವಾಗ ಡಾಕ್ಟರು ಎದ್ದು ನಿಂತರು. "ಅವತ್ತು ನಿಮ್ಮನ್ನೇ ಒಳಗೆ ಕರೆದು ಕೇಳಬೇಕಿತ್ತು," ಎಂದರು. ಹೌದು, ಕೇಳಬೇಕಿತ್ತು ಎಂದೆ. ಪರೀಕ್ಷೆಗೆ ನಾನೇ ಒಪ್ಪಿಗೆ ಕೊಟ್ಟು ಬಂದೆ. ಖರ್ಚಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಅದಕ್ಕೆ ನನ್ನ ಪಿಂಚಣಿ ಉತ್ತರ ಕೊಡುತ್ತಿತ್ತು.

ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗ ಮಗಳು ಬಂದಳು. ಅತ್ತೆಯ ಮುಂದೆ ಅತ್ತು ಕರೆದು ಎಲ್ಲವನ್ನೂ ಹೇಳಿಕೊಂಡವಳಿಗೆ ನನಗೆ ಹೇಳಲು ಬಾಯಿ ಬರಲಿಲ್ಲ. ನಿನಗೆ ಗೊತ್ತಾದರೆ ಧೈರ್ಯ ಕಳೆದುಕೊಳ್ಳುತ್ತೀಯ ಎಂದು ಅಪ್ಪ ಹೇಳಿದರು ಎಂದಳು. ನನ್ನ ಧೈರ್ಯ ನನ್ನ ಹತ್ತಿರವೇ ಇದೆ, ಕಳೆದುಕೊಂಡವರು ನೀವು ಎಂದೆ. ಆ ಮೊಬೈಲಿನ ಚಿತ್ರಗಳನ್ನೆಲ್ಲ ಅಳಿಸು ಎಂದೂ ಹೇಳಿದೆ. ಅವಳು ಅಳಿಸಲಿಲ್ಲ ಎಂದು ನನಗೆ ಗೊತ್ತು. ಅವಳ ಮೇಲಿನ ಸಿಟ್ಟು ಬೇರೆಯವರ ಮೇಲಿನದಕ್ಕಿಂತ ಹೆಚ್ಚು ದಿನ ಉಳಿಯಿತು, ಅವಳನ್ನು ಹೆತ್ತವಳು ನಾನೇ ಆದ್ದರಿಂದ ಇರಬೇಕು.

ಡಾಕ್ಟರು ಹೇಳಿದ್ದ ಆ ಬದಲಾವಣೆ ನನ್ನ ಕಾಯಿಲೆಯಲ್ಲಿ ಇತ್ತು. ಮಾತ್ರೆ ಶುರುವಾಯಿತು. ಮೊದಲು ಮುಖದ ತುಂಬ ಹರೆಯದ ಹುಡುಗಿಯರ ಹಾಗೆ ಮೊಡವೆ ಎದ್ದವು. ಆಮೇಲೆ ಭೇದಿ, ಬಾಯಿಹುಣ್ಣು. ಕಾಲಿನ ಉಗುರಿನ ಸಂದಿ ಊದಿಕೊಂಡು ಚಪ್ಪಲಿ ಹಾಕಲಾಗುತ್ತಿರಲಿಲ್ಲ. ಸಾರಿಗೆ ಖಾರ ಹಾಕುವಂತಿರಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯಿತು, ನೀರು ತಿರುಗಿ ತುಂಬಲಿಲ್ಲ. ಸ್ಕ್ಯಾನಿಂಗಿನಲ್ಲಿ ಗಡ್ಡೆ ಕುಗ್ಗಿದ್ದನ್ನು ಡಾಕ್ಟರು ನನಗೇ ತೋರಿಸಿದರು. ಗೌರಿ ಹಬ್ಬಕ್ಕೆ ತವರಿಗೆ ಬಸ್ಸಿನಲ್ಲಿ ಹೋದೆ. ಅಣ್ಣ ಬ್ಯಾರನ್ನಿನ ಹತ್ತಿರ ಕೆಲಸವಿದೆ ಎಂದು ಹೋದವನು ನಾನು ಹೊರಡುವ ತನಕ ಬರಲಿಲ್ಲ.

ಆಸೆಯ ಅಡುಗೆ ತಂದು ಉಣಿಸಿ ನನ್ನನ್ನು ಕಳಿಸಿಕೊಟ್ಟಿದ್ದವರಿಗೆ ನಾನು ಉಳಿದದ್ದು ಒಂದು ಪೇಚಾಟವಾಯಿತು. ಸಂತೆಯಲ್ಲಿ ಎದುರಾದರೆ ಏನು ಮಾತಾಡಬೇಕೆಂದು ತಿಳಿಯದೆ ಸೊಪ್ಪಿನ ಬೆಲೆ ಕೇಳಿಕೊಂಡು ಪಕ್ಕಕ್ಕೆ ಹೋಗುತ್ತಿದ್ದರು. ಕೆಲವರು ಅದು ಕ್ಯಾನ್ಸರೇ ಅಲ್ಲ, ಆಗಿದ್ದರೆ ಹೀಗೆ ಓಡಾಡುತ್ತಿದ್ದಳಾ, ರಿಪೋರ್ಟು ಅದಲು ಬದಲಾಗಿರಬೇಕು ಎಂದು ತೀರ್ಪು ಕೊಟ್ಟರು. ಇನ್ನು ಕೆಲವರು, ಮೇಡಂ ಕದ್ದುಮುಚ್ಚಿ ಸೇದುತ್ತಿದ್ದರೇನೋ ಎಂದು ಅಂಗಡಿಯಲ್ಲೇ ಮಾತಾಡಿಕೊಂಡರಂತೆ. ಬೀಡಿ ಬಾಯಲ್ಲಿಟ್ಟುಕೊಂಡೇ ಅದನ್ನು ಕೇಳಿಸಿಕೊಂಡು ಬಂದು ನನಗೆ ಹೇಳಿದವರು ನನ್ನ ಗಂಡ. ನೀವೇನು ಹೇಳಿದಿರಿ ಎಂದೆ. ಅವರು ಏನೂ ಹೇಳಿರಲಿಲ್ಲ.

ಗಂಡನನ್ನು ಮಾತ್ರ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಪಾಯಸದ ಎಲೆಯ ಮುಂದೆ ಕೂತ ಆ ದಿನದಿಂದ ನಾವಿಬ್ಬರೂ ಅದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮಾತಾಡಿದ್ದೆವು. ಅವರು ಮಾತ್ರೆಯ ಹೊತ್ತು ನೆನಪಿಸುತ್ತಿದ್ದರು, ಉಗುರಿಗೆ ಔಷಧಿ ಹಚ್ಚುತ್ತಿದ್ದರು. ಹಾಸನಕ್ಕೆ ಹೋಗುವಾಗ ಜೊತೆಗೆ ಬರುತ್ತೇನೆ ಎನ್ನುತ್ತಿದ್ದರು. ಬೇಡ ಎನ್ನುತ್ತಿದ್ದೆ. ಬಸ್ಸು ಹತ್ತಿಸಿ, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿರುತ್ತಿದ್ದರು. ಆ ನಿಲ್ಲುವಿಕೆ ನೋಡಿದರೆ ನನಗೆ ಕರುಣೆ ಬರುತ್ತಿತ್ತು. ಕರುಣೆ ಬಂದದ್ದಕ್ಕೆ ಇನ್ನಷ್ಟು ಕೋಪ ಬರುತ್ತಿತ್ತು.

ಹೋದ ತಿಂಗಳ ಸ್ಕ್ಯಾನಿಂಗಿನಲ್ಲಿ ಒಂದು ಕಡೆ ಗಡ್ಡೆ ಮತ್ತೆ ಬೆಳೆದಿತ್ತು. ಮಾತ್ರೆಯ ಹಿಡಿತ ಸಡಿಲವಾಗುತ್ತಿದೆ, ಒಂದಲ್ಲ ಒಂದು ದಿನ ಹೀಗಾಗುವುದೇ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಇನ್ನೊಮ್ಮೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕು. ಬೇರೆ ಮಾತ್ರೆಗೆ ಬಗ್ಗುವಂತಿದ್ದರೆ ಮಾತ್ರೆ, ಇಲ್ಲದಿದ್ದರೆ ಕೀಮೋ. ಕೀಮೋ ಆದರೆ ಸುಸ್ತು, ವಾಂತಿ ಇರುತ್ತದೆ, ಅದಕ್ಕೂ ಈಗ ಔಷಧಿ ಇದೆ. ಬೇಡವೆಂದರೂ ಅದು ನಿಮ್ಮದೇ ತೀರ್ಮಾನ, ಯೋಚನೆ ಮಾಡಿ ಎಂದರು. ಬಸ್ಸಿನಲ್ಲಿ ಹೊಳೆನರಸೀಪುರ ಬರುವಷ್ಟರಲ್ಲಿ ನಾನು ಯೋಚನೆ ಮುಗಿಸಿದ್ದೆ.

ಆ ಭಾನುವಾರ ಮಗಳೂ ಬಂದಿದ್ದಳು. ಊಟಕ್ಕೆ ಕೂತಾಗ ಹೇಳಿದೆ. ಗಡ್ಡೆ ಬೆಳೆದಿದೆ ಎಂದೆ. ಕ್ಯಾನ್ಸರ್ ಎಂಬ ಪದವನ್ನೇ ಹೇಳಿದೆ. ಸೂಜಿ ಹಾಕಿಸಿಕೊಳ್ಳುತ್ತೇನೆ, ಕೀಮೋ ಬೇಕಾದರೆ ಅದನ್ನೂ ತೆಗೆದುಕೊಳ್ಳುತ್ತೇನೆ ಎಂದೆ. ಮಗಳು ನನ್ನ ಮಂಡಿಯ ಮೇಲೆ ಕೈಯಿಟ್ಟಳು, ಈ ಸಲ ಅಳಲಿಲ್ಲ. ಗಂಡ ಮುದ್ದೆ ಮುರಿಯುತ್ತಿದ್ದವರು ನಿಲ್ಲಿಸಿದರು.

"ಅದೊಂದು ಬ್ಯಾಡ ಕಣೆ. ಈಗ ಚೆನ್ನಾಗಿದೀಯಲ್ಲ, ಇಂಗೇ ಇದ್ಬುಡು," ಎಂದರು.

ಇಷ್ಟು ದಿನ ಕೇಳದಿದ್ದದ್ದನ್ನು ಆಗ ಕೇಳಿದೆ. "ಅವತ್ತು ಡಾಕ್ಟರ್ ರೂಮಲ್ಲಿ ಬೇಡ ಅಂದ್ರಲ್ಲ, ಆಚೆ ಬಂದು ನನ್ನನ್ನ ಒಂದು ಮಾತು ಯಾಕೆ ಕೇಳ್ಲಿಲ್ಲ?"

ನೀನು ಹೆದರುತ್ತೀಯ ಅಂತ, ನಿಮ್ಮಣ್ಣ ಹೇಳಿದ ಅಂತ ಎಂದು ಶುರು ಮಾಡಿ ನಿಲ್ಲಿಸಿದರು. ಮಗಳು ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದಳು. ತಟ್ಟೆಯಲ್ಲಿದ್ದ ಸಾರು ಆರುತ್ತಿತ್ತು. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಯ ಅಂಚಿಗೆ ಒರೆಸಿದರು.

"ಕೇಳಿದ್ರೆ, ಬದುಕ್ಬೇಕು ಅಂತಿದ್ದೆ ಕಣೆ ನೀನು," ಎಂದರು.

"ಅಂತಿದ್ದೆ," ಎಂದೆ.